ಮಂತ್ರಿಗೆ ರಾಣಿ ಕಾಣಿಸದಾದ ದಿನ

ನಮ್ಮ ಗಲ್ಲಿಯಲ್ಲಿ ಗಂಟಕ್ಕನನ್ನು ಅರಿಯದವರು ಇದ್ದರೆ, ಒಂದೋ ಇವತ್ತು ಬೆಳಿಗ್ಗೆ ಹುಟ್ಟಿದ ಕೂಸಾಗಿರಬೇಕು, ಇಲ್ಲವೇ ವಿಳಾಸ ತಪ್ಪಿ ಬಂದ ಅಂಚೆಯವನಾಗಿರಬೇಕು. ಅವಳಿಗೆ ಬೇರೆ ಹೆಸರೊಂದು ಇದ್ದೇ ಇರುತ್ತದೆ. ಆದರೆ ಅದು ಅವಳಿಗೂ ನೆನಪಿಲ್ಲ ಎಂಬುದು ನನ್ನ ಗುಮಾನಿ.

ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಅವಳ ಮಡಿಲಿಗೆ ಒಂದು ಬುಟ್ಟಿ ನೂಲು ಸುರಿದರಂತೆ. ಇಲಿಗಳು ಸಂಸಾರ ಹೂಡಿ, ಮೊಮ್ಮಕ್ಕಳನ್ನು ಕಂಡು, ಜಾಗ ಸಾಲದೆ ಬಿಟ್ಟುಹೋಗಿದ್ದ ಬುಟ್ಟಿ ಅದು. ಕೆಂಪು ಎಳೆ ಹಸಿರಿನ ಕುತ್ತಿಗೆ ಹಿಸುಕುತ್ತಿತ್ತು, ಹಸಿರು ಹಳದಿಯ ಕಾಲು ಹಿಡಿದಿತ್ತು. ಕತ್ತರಿಸಿ ಬಿಸಾಕು ಅಂದರು ಎಲ್ಲರೂ. ಅವಳು ಕತ್ತರಿ ಮುಟ್ಟಲಿಲ್ಲ. ಒಂದು ತುದಿ ಹುಡುಕಿದಳು, ಅದರ ಹಿಂದೆಯೇ ಹೊರಟಳು. ಸಂಜೆಯ ಹೊತ್ತಿಗೆ ನೂಲೆಲ್ಲ ಬಣ್ಣ ಬಣ್ಣದ ಉಂಡೆಯಾಗಿ ಕೂತಿತ್ತು. ಇಲಿಗಳ ಮೀಸೆಗಳದ್ದು ಬೇರೆಯೇ ಉಂಡೆ. ಅಂದಿನಿಂದ ಅವಳು ಗಂಟಕ್ಕ.

ಅವಳ ಕಸೂತಿ ಅಂಗಡಿಗೂ ಪಕ್ಕದ ಕ್ಷೌರದಂಗಡಿಗೂ ನಡುವೆ ಒಂದೇ ಗೋಡೆ. ಒಳಗೆ ಮೂರು ಕಡೆಯೂ ನೂಲಿನ ರೀಲುಗಳು. ಕಾಮನಬಿಲ್ಲಿಗೆ ಬಣ್ಣ ಕಡಿಮೆ ಬಿದ್ದರೆ ಇಲ್ಲಿಂದಲೇ ಕೇಳಿ ಒಯ್ಯುವುದು. ನಟ್ಟನಡುವೆ ಕಸೂತಿ ಯಂತ್ರ. ಅದಕ್ಕೆ ನಾಲ್ಕು ತಲೆ. ನಾಲ್ಕು ತಲೆ ಬ್ರಹ್ಮನಿಗೂ ಇವೆ ಅನ್ನಿ, ಆದರೆ ಒಂದೇ ಏಟಿಗೆ ನಾಲ್ಕು ಅಂಗಿಯ ಮೇಲೆ ಹೂ ಹಾಕಿದ್ದನ್ನು ಯಾರೂ ಕಂಡಿಲ್ಲ. ಅಂಗಡಿಯವರು ಆ ಯಂತ್ರವನ್ನು ರಾಣಿ ಎಂದು ಕರೆಯುತ್ತಾರೆ. ಮೂಲೆಯ ಮೇಜಿನ ಮೇಲಿರುವ ಕಂಪ್ಯೂಟರು ಮಂತ್ರಿ. ಗಂಟಕ್ಕ ಮಂತ್ರಿಯಲ್ಲಿ ಚಿತ್ರ ಬಿಡಿಸುತ್ತಾಳೆ, ಮಂತ್ರಿ ಅದನ್ನು ತಂತಿಯ ಮೂಲಕ ರಾಣಿಗೆ ಕಳಿಸುತ್ತಾನೆ, ರಾಣಿ ಹೊಲಿಯುತ್ತಾಳೆ. ಇಬ್ಬರ ತಂತಿಯೂ ಸೇರುವುದು ಕಪಾಟಿನ ಮೇಲಿರುವ ನೆಟ್ ಡಬ್ಬಿಯಲ್ಲಿ. ರಾಜ್ಯಭಾರ ಇಷ್ಟೇ.

ಪೆನ್‌ಡ್ರೈವಿನಲ್ಲಿ ಚಿತ್ರ ಕೊಡುವ ದಾರಿಯೂ ಒಂದು ಕಾಲಕ್ಕಿತ್ತು. ಆದರೆ ಗಂಟಕ್ಕನ ಅತ್ತೆ, ಸೂಜಿ ಕಳೆಯಬಾರದೆಂದು, ರಾಣಿಯ ಪಕ್ಕೆಯಲ್ಲಿದ್ದ ಆ ಪುಟ್ಟ ಕಿಂಡಿಯಲ್ಲಿ ಸೂಜಿಗಳನ್ನು ಸಿಕ್ಕಿಸಿಡಲು ಶುರುಮಾಡಿದರು. "ಇಷ್ಟು ಅಚ್ಚುಕಟ್ಟಾಗಿ ಜಾಗ ಮಾಡಿಟ್ಟಿದ್ದಾರೆ, ನಿನ್ನ ಕಣ್ಣಿಗೆ ಬೀಳಲೇ ಇಲ್ವಲ್ಲೇ" ಎಂದು ಸೊಸೆಯನ್ನೇ ಆಡಿಕೊಂಡಿದ್ದರು. ಒಂದು ದಿನ ಚಟ್ ಎಂದಿತು, ಸುಟ್ಟ ವಾಸನೆ ಬಂತು. ಅಲ್ಲಿಂದಾಚೆ ರಾಣಿಗೆ ತಂತಿಯೊಂದೇ ಗತಿ.

ಇನ್ನು ಆ ದಿನದ ಕಥೆ. ಸಂಜೆ ನಾಲ್ಕಕ್ಕೆ ಹುಡುಗಿಯರ ಫುಟ್‌ಬಾಲ್ ಫೈನಲ್. ನಮ್ಮ ಗಲ್ಲಿಯ ತಂಡ ಫೈನಲ್ ಮುಟ್ಟಿದ್ದು ಅದೇ ಮೊದಲು. ಗೋಲು ಕಾಯುವವಳು ಗಂಟಕ್ಕನ ಒಬ್ಬಳೇ ಮಗಳು. ಚೆಂಡು ಅವಳ ಕೈಗೆ ಅಂಟಿಕೊಳ್ಳುವುದನ್ನು ನೋಡಿ ಅವಳಿಗೆ ಗೋಂದು ಎಂದು ಹೆಸರು ಬಿದ್ದಿದೆ. ಸೆಮಿಫೈನಲಿನಲ್ಲಿ ಅವಳು ಹಿಡಿದ ಚೆಂಡನ್ನು ಬಿಡಿಸಲು ರೆಫರಿ ಬಿಸಿನೀರು ತರಿಸಿದರೆಂದು ನಾವು ಹೇಳಿಕೊಂಡು ತಿರುಗುತ್ತಿದ್ದೆವು.

ಫೈನಲಿಗೆ ಒಂದು ಕಟ್ಟುನಿಟ್ಟು ನಿಯಮ: ಆಡುವವರೆಲ್ಲರ ಎದೆಯ ಮೇಲೂ ತಂಡದ ಲಾಂಛನ ಇರಬೇಕು, ಇಲ್ಲದವರು ಗೆರೆ ದಾಟುವಂತಿಲ್ಲ. ನಮ್ಮವರಿಗೆ ಲಾಂಛನದ ಮಾತು ಹಾಗಿರಲಿ, ಒಂದೇ ಬಣ್ಣದ ಕಾಲುಚೀಲಕ್ಕೂ ಗತಿ ಇರಲಿಲ್ಲ. ಗಂಟಕ್ಕ ಕೂತು ಜಿಗಿಯುವ ಬೆಕ್ಕೊಂದನ್ನು ಬಿಡಿಸಿಟ್ಟಿದ್ದಳು. ಹೊಸ ಅಂಗಿಗಳು ಕೈಸೇರಿದ್ದು ಪಂದ್ಯದ ದಿನ ಬೆಳಿಗ್ಗೆಯೇ. ಪರವಾಗಿಲ್ಲ, ಊಟದ ಹೊತ್ತಿಗೆ ಮುಗಿಸಿಬಿಡ್ತೀನಿ ಎಂದು ಮಗಳಿಗೆ ಮಾತು ಕೊಟ್ಟು ಅವಳು ಮಂತ್ರಿಯ ಮುಂದೆ ಕೂತಳು.

ಪರದೆ ನೋಡಿದವಳೇ ಬೆಚ್ಚಿದಳು. ಹಳೆಯ ಗುರುತುಗಳೆಲ್ಲ ಜಾಗ ಬದಲಿಸಿದ್ದವು. ಎಡಗಡೆಯವು ನಡುವಿಗೆ ಬಂದಿದ್ದವು, ನಡುವಿನವು ಎಲ್ಲೋ ಅಡಗಿದ್ದವು.

"ಅತ್ತೆ, ಇದನ್ನ ಯಾರು ಮುಟ್ಟಿದ್ರು?"

"ನಾನೇ ಕಣೇ. ಪಾಪ, ಎಷ್ಟು ದಿನದಿಂದ ಕೇಳ್ತಾ ಇತ್ತು, ಹೊಸದಾಗ್ಲಾ, ಈಗ ಆಗ್ಲಾ, ಆಮೇಲೆ ಆಗ್ಲಾ ಅಂತ. ನೀನು ದಿನಾ ಆಮೇಲೆ, ಆಮೇಲೆ ಅಂತ ಸತಾಯಿಸ್ತಿದ್ದೆ. ನಿನ್ನೆ ನೀನು ನೂಲು ತರೋಕೆ ಹೋದಾಗ ಮತ್ತೆ ಕೇಳ್ತು. ಕೇಳಿದವರಿಗೆ ಇಲ್ಲ ಅನ್ನೋದು ನನ್ನ ಜಾಯಮಾನದಲ್ಲೇ ಇಲ್ಲ. ಹೂಂ ಅಂದೆ."

"ನಾನು ಕೇಳಿದಾಗ ಮಾತ್ರ ಇಲ್ಲ ಅನ್ನೋಕೆ ಚೆನ್ನಾಗಿ ಬರುತ್ತೆ."

"ನೀನು ಅಷ್ಟು ಮರ್ಯಾದೆಯಿಂದ ಕೇಳಲ್ಲ ಕಣೇ!"

ಗಂಟಕ್ಕ ತುಟಿ ಕಚ್ಚಿ ಬೆಕ್ಕಿನ ಚಿತ್ರ ತೆರೆದಳು, ರಾಣಿಗೆ ಕಳಿಸು ಎಂದು ಒತ್ತಿದಳು. ಮಂತ್ರಿ ಒಂದಿಷ್ಟು ಹೊತ್ತು ಗಿರಗಿರ ತಿರುಗಿ ಉತ್ತರ ಕೊಟ್ಟ: ಯಂತ್ರ ಸಿಗುತ್ತಿಲ್ಲ.

ಸಿಗುತ್ತಿಲ್ಲವೇ! ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಆನೆಯ ಅಣ್ಣನಂತೆ, ನಾಲ್ಕು ತಲೆ ಎತ್ತಿಕೊಂಡು ನಿಂತಿದ್ದಾಳೆ ರಾಣಿ! ಮತ್ತೆ ಒತ್ತಿದಳು. ಸಿಗುತ್ತಿಲ್ಲ. ಮಂತ್ರಿಯನ್ನು ಆರಿಸಿ ಎಬ್ಬಿಸಿದಳು. ರಾಣಿಯನ್ನು ಆರಿಸಿ ಎಬ್ಬಿಸಿದಳು. ಡಬ್ಬಿಯ ತಂತಿಗಳನ್ನು ಕಿತ್ತು, ಊದಿ, ಮತ್ತೆ ಚುಚ್ಚಿದಳು. ಅತ್ತೆಯೂ ಒಂದು ಸಲ ಊದಿದರು, ಯಾವುದಕ್ಕೂ ಇರಲಿ ಎಂದು. ಸಿಗುತ್ತಿಲ್ಲ.

ರಾಣಿಯನ್ನು ಮಾರಿದ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ, ಒಂದು ಅಂಗಿಯ ತುಂಬ ಕಸೂತಿ ಹಾಕಿ ಮುಗಿಸುವಷ್ಟು ಹೊತ್ತು ಸಂಗೀತ ಕೇಳಿಸಿ, ಆಮೇಲೆ ಒಬ್ಬ ಮಾತಾಡಿದ.

"ಕಂಪ್ಯೂಟರಲ್ಲಿ ನೆಟ್ ಬರ್ತಿದೆಯಾ ಮೇಡಂ?"

ನೋಡಿದಳು. ಸುದ್ದಿ ತೆರೆಯಿತು, ಹವಾಮಾನ ತೆರೆಯಿತು. "ಬರ್ತಿದೆಯಪ್ಪ, ನೀರಿನ ಹಾಗೆ ಬರ್ತಿದೆ."

"ಹಾಗಾದ್ರೆ ನೆಟ್ ಸರಿ ಇದೆ. ತೊಂದರೆ ಯಂತ್ರದ್ದೇ. ಮುಂದಿನ ವಾರ ಒಬ್ಬರನ್ನ ಕಳಿಸ್ತೀವಿ."

"ಮುಂದಿನ ವಾರ ಬಂದು ಫೈನಲ್ ಕಪ್ ಒರೆಸ್ತಾರಾ?" ಎಂದು ಅತ್ತೆ ದೂರದಿಂದಲೇ ಕೂಗಿದರು.

ಅಷ್ಟರಲ್ಲಿ ಮಗಳ ಫೋನ್. "ಅಮ್ಮಾ, ಎಷ್ಟಾಯ್ತು?"

ಗಂಟಕ್ಕನಿಗೆ ಒಂದೂ ಆಗಿಲ್ಲ ಎನ್ನಲು ಬಾಯಿ ಬರಲಿಲ್ಲ. "ಶುರುವಾಗಿದೆ ಚಿನ್ನ" ಅಂದಳು. ನಿಜವೇ, ಅವಳು ಒಂದು ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಸೂಜಿ ಹಿಡಿದು, ಬೆಕ್ಕಿನ ಬಾಲದ ತುದಿಯನ್ನು ಕೈಯಲ್ಲೇ ಹೊಲಿಯತೊಡಗಿದ್ದಳು. ಆ ಲೆಕ್ಕದಲ್ಲಿ ಬೆಕ್ಕಿನ ಮೂತಿ ತಲುಪುವ ಹೊತ್ತಿಗೆ ಮಗಳು ಅಜ್ಜಿಯಾಗುತ್ತಿದ್ದಳು.

ಬಾಲವನ್ನು ಅಲ್ಲಿಗೇ ಬಿಟ್ಟು ಎದ್ದಳು. "ಇದೂ ಒಂದು ಗಂಟೇ ಅಲ್ವಾ ಅತ್ತೆ. ತುದಿ ಎಲ್ಲಿದೆ ಹುಡುಕಬೇಕು ಅಷ್ಟೇ." ರಾಣಿಯ ತಂತಿಯನ್ನು ಬೆರಳಲ್ಲಿ ಹಿಡಿದು ಡಬ್ಬಿಯವರೆಗೂ ನಡೆದಳು. ಅದರ ದೀಪ ಪಿಳಿಪಿಳಿ ಅನ್ನುತ್ತಿತ್ತು. ಆಮೇಲೆ ಮಂತ್ರಿಯ ತಂತಿ ಹಿಡಿದು ಡಬ್ಬಿಯವರೆಗೂ ನಡೆದಳು. ಅದರ ದೀಪ ಆರಿತ್ತು.

"ಅಯ್ಯೋ, ಇದೇನತ್ತೆ? ತಂತಿ ಸತ್ತಿದೆ. ಮತ್ತೆ ಇವನಿಗೆ ನೆಟ್ ಎಲ್ಲಿಂದ ಬರ್ತಿದೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗಲೇ ಪಕ್ಕದ ಕ್ಷೌರಿಕ ಕೈಯಲ್ಲಿ ನೊರೆ ಹತ್ತಿದ ಕತ್ತಿ ಹಿಡಿದು ಬಾಗಿಲಲ್ಲಿ ಬಂದು ನಿಂತ. ಅವನ ಹಿಂದೆ ಒಂದು ಕೆನ್ನೆ ಬೋಳಿಸಿ ಇನ್ನೊಂದು ಕೆನ್ನೆಗೆ ನೊರೆ ಮೆತ್ತಿಕೊಂಡ ಗಿರಾಕಿ. ಆ ಗಿರಾಕಿ ನಾನೇ ಆಗಿದ್ದರಿಂದ ಮುಂದಿನದೆಲ್ಲ ಕಣ್ಣಾರೆ ಕಂಡದ್ದು.

"ಅಕ್ಕಾ, ಏನಾಗ್ತಿದೆ ಈ ಗಲ್ಲೀಲಿ? ನಮ್ಮ ಅಂಗಡಿ ಟೀವಿ ಬೆಳಿಗ್ಗೆಯಿಂದ ಬಿಕ್ಕಳಿಸ್ತಿದೆ. ನಾಯಕ ಬಾಯಿ ತೆರೆದು ನಿಂತವನು ಮುಚ್ಚೋದೇ ಇಲ್ಲ. ಹಾಡಿಲ್ಲದೆ ನನ್ನ ಕೈ ಓಡಲ್ಲ ನಿಮಗೆ ಗೊತ್ತಲ್ಲ, ನೋಡಿ ಇವರನ್ನ ಅರ್ಧಕ್ಕೇ ಬಿಟ್ಟು ಬಂದಿದ್ದೀನಿ. ಯಾರೋ ನನ್ನ ವೈಫೈ ಹೀರ್ತಿದ್ದಾರೆ!"

ಗಂಟಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ಗೋಡೆ ನೋಡಿದಳು. ಆಮೇಲೆ ಒಂದೇ ನೆಗೆತಕ್ಕೆ ಮಂತ್ರಿಯ ಮುಂದೆ ಹಾರಿ, ಪರದೆಯ ಮೂಲೆಯಲ್ಲಿದ್ದ ನೆಟ್ಟಿನ ಗುರುತು ಒತ್ತಿದಳು. ಸಂಪರ್ಕದಲ್ಲಿದೆ ಎಂಬ ಮಾತಿನ ಮೇಲೆ ವೈಫೈ ಹೆಸರು: ಕತ್ತರಿ.

"ಕತ್ತರಿ ನಂದು!" ಎಂದು ಕ್ಷೌರಿಕ ಕಿರುಚಿದ.

ನಮ್ಮ ಗಲ್ಲಿಯ ಪದ್ಧತಿಯೇ ಹಾಗೆ. ಏಣಿ ಒಂದೇ, ಸುತ್ತಿಗೆ ಒಂದೇ. ಬೇಕಾದವರು ಬೇಕಾದಾಗ ಎತ್ತಿಕೊಂಡು ಹೋಗುತ್ತಾರೆ. ಹಿಂದೊಮ್ಮೆ ಗಂಟಕ್ಕನ ಡಬ್ಬಿ ಕೆಟ್ಟಾಗ ಕ್ಷೌರಿಕ ಗೋಡೆಯಾಚೆಯಿಂದಲೇ ತನ್ನ ಪಾಸ್‌ವರ್ಡ್ ಕೂಗಿ ಹೇಳಿದ್ದ. ಇಡೀ ಬೀದಿ ಕೇಳಿಸಿಕೊಂಡು ಬರೆದಿಟ್ಟುಕೊಂಡಿತ್ತು. ಕೆಲಸವಾದ ಮೇಲೆ ಎಲ್ಲರೂ ಮರೆತರು. ಮಂತ್ರಿ ಮರೆತಿರಲಿಲ್ಲ. ಹೊಸ ರೂಪ ತಾಳುವಾಗ ಅವನ ತಂತಿಯ ಕಿವಿ ಮುಚ್ಚಿಕೊಂಡಿದೆ, ನಿದ್ದೆ ಹೋಗಿದ್ದ ವೈಫೈ ಎಚ್ಚರಗೊಂಡಿದೆ. ಸೀದಾ ಪಕ್ಕದ ಮನೆ ಸೇರಿ, ಅಲ್ಲಿ ಹೊಟ್ಟೆ ತುಂಬ ಉಂಡು, ಅಲ್ಲೇ ಕೂತು ನಮ್ಮ ಮನೆಯ ರಾಣಿಯನ್ನು ಕೂಗುತ್ತಿದ್ದಾನೆ. ಕ್ಷೌರದಂಗಡಿಯಲ್ಲಿ ಹುಡುಕಿದರೆ ಕಸೂತಿ ಯಂತ್ರ ಸಿಕ್ಕೀತೇ?

"ಉಂಡ ಮನೆ ಅದು, ಸಂಬಳ ನಮ್ಮದು!" ಎಂದು ಅತ್ತೆ ಮಂತ್ರಿಯ ತಲೆಯ ಮೇಲೆ ಒಂದು ಮೊಟಕಿದರು.

ಗಂಟಕ್ಕ ಕತ್ತರಿಯನ್ನು ಮರೆತುಬಿಡು ಎಂದು ಮಂತ್ರಿಗೆ ಅಪ್ಪಣೆ ಮಾಡಿದಳು. ಪಕ್ಕದ ಅಂಗಡಿಯಲ್ಲಿ ನಾಯಕ ಥಟ್ಟನೆ ಬಾಯಿ ಮುಚ್ಚಿ ಮತ್ತೆ ತೆರೆದು ಹಾಡಿಗೇ ಬಿದ್ದ. ಇಲ್ಲಿ ಮಾತ್ರ ಈಗ ಸುದ್ದಿಯೂ ಇಲ್ಲ, ಹವಾಮಾನವೂ ಇಲ್ಲ.

"ಇದ್ದದ್ದೂ ಹೋಯ್ತಲ್ಲೇ!"

"ಹೋಗ್ಲಿ ಅತ್ತೆ, ಸುಳ್ಳು ತುದಿ ಹೋಯ್ತು. ಈಗ ನಿಜವಾದ ತುದಿ ಕಾಣುತ್ತೆ."

ಸೆಟ್ಟಿಂಗಿನ ಒಳಗೆ, ಅದರೊಳಗೆ, ಅದರೊಳಗಿನ ಒಳಗೆ ಇಳಿದಳು. ಕ್ಷೌರಿಕ ಹಿಂದಿನಿಂದ "ಅಲ್ಲಿ ಒತ್ತಿ ಅಕ್ಕ, ಅಲ್ಲಲ್ಲ, ಆ ಮೇಲಿಂದು" ಎಂದು ಕತ್ತಿಯಿಂದಲೇ ತೋರಿಸುತ್ತಿದ್ದ. ನಾನು ಕಿವಿ ಉಳಿಸಿಕೊಳ್ಳಲು ಗೋಡೆಗೆ ಒರಗಿದ್ದೆ. ಕೊನೆಗೆ ಸಿಕ್ಕಿತು. ತಂತಿ ಸಂಪರ್ಕದ ಗುರುತು ಬೂದಿ ಬಳಿದುಕೊಂಡು ಮುದುಡಿ ಕೂತಿತ್ತು. ಅದರ ಮೇಲೆ ಒತ್ತಿ, ಚಾಲೂ ಮಾಡು ಎಂದಳು. ಬೂದಿ ಹಾರಿಹೋಗಿ ಬಣ್ಣ ಬಂತು. ಕಪಾಟಿನ ಮೇಲೆ ಸತ್ತಿದ್ದ ದೀಪ ಪಿಳಿ ಅಂದಿತು!

ಒಡನೆಯೇ ಪರದೆಯ ಮೇಲೆ ಒಂದು ಪ್ರಶ್ನೆ ಎದ್ದಿತು: ಈ ಜಾಲದಲ್ಲಿರುವ ಬೇರೆ ಯಂತ್ರಗಳಿಗೆ ನಿಮ್ಮ ಕಂಪ್ಯೂಟರು ಕಾಣಿಸಲೇ?

ಅತ್ತೆ ಮೆಲ್ಲಗೆ ಕೇಳಿದರು, "ಹೂಂ ಅನ್ನಲಾ?"

"ಈ ಸಲ ನೀವೇ ಅನ್ನಿ ಅತ್ತೆ."

ಅತ್ತೆ ಸೆರಗಿನಿಂದ ಬೆರಳು ಒರೆಸಿಕೊಂಡು ಹೂಂ ಒತ್ತಿದರು. ಗಂಟಕ್ಕ ಬೆಕ್ಕನ್ನು ಕಳಿಸಿದಳು. ಗಿರಗಿರ, ಗಿರಗಿರ, ಮತ್ತೆ ರಾಣಿಯ ಹೊಟ್ಟೆಯಿಂದ ಟಿಣ್ ಎಂದು ಸದ್ದು. ಬೆಕ್ಕು ಬಂದಿತ್ತು! ಅತ್ತೆ ಹೊಡೆದ ಚಪ್ಪಾಳೆಗೆ ಎರಡು ರೀಲು ಉರುಳಿ ಬಿದ್ದವು.

ಗಡಿಯಾರ ಮಾತ್ರ ನಮಗಾಗಿ ನಿಂತಿರಲಿಲ್ಲ. ಊಟದ ಹೊತ್ತು ಯಾವಾಗಲೋ ದಾಟಿತ್ತು. ಕ್ಷೌರಿಕ ಕತ್ತಿ ಜೇಬಿಗಿಟ್ಟು ಅಂಗಿಗಳನ್ನು ರಾಣಿಯ ಬಟ್ಟೆ ಹಿಡಿಯುವ ಫ್ರೇಮಿಗೆ ಬಿಗಿಯಲು ನಿಂತ. ಅತ್ತೆ ಹೊಲಿದು ಬಂದ ಅಂಗಿಗಳ ನೂಲಿನ ಬಾಲ ಕತ್ತರಿಸಲು ಕೂತರು. ಗಂಟಕ್ಕ ನಾಲ್ಕು ತಲೆಗೂ ದಾರ ಪೋಣಿಸಿದ ವೇಗಕ್ಕೆ ದಾರದಿಂದ ಹೊಗೆ ಬಂತು. ರಾಣಿ ಟಕಟಕಟಕ ಎಂದು ಹೊರಟಳೆಂದರೆ ಗಲ್ಲಿಯ ಕಿಟಕಿ ಗಾಜುಗಳೆಲ್ಲ ತಾಳ ಹಾಕಿದವು. ನಾಲ್ಕು ಬೆಕ್ಕು ಇಳಿದವು. ಮತ್ತೆ ನಾಲ್ಕು ಇಳಿದವು. ಕೊನೆಯ ಮೂರರಲ್ಲಿ ಒಂದು ಗೋಂದುವಿನ ಅಂಗಿ. ತನ್ನ ಮಗಳದ್ದೆಂದು ಗಂಟಕ್ಕ ಅದನ್ನು ಕಡೆಗೆ ಇಟ್ಟಿದ್ದಳು.

ಕೊನೆಯ ಹೊಲಿಗೆ ಬಿದ್ದದ್ದೇ ತಡ, ಅಂಗಿಗಳನ್ನು ಚೀಲಕ್ಕೆ ತುರುಕಿ ಕ್ಷೌರಿಕನ ಸ್ಕೂಟರ್ ಹತ್ತಿದಳು. ಅತ್ತೆ ನಡುವೆ ಕೂತರು, ಬರಬೇಡಿ ಎಂದು ಹೇಳುವ ಧೈರ್ಯ ಯಾರಿಗಿತ್ತು? ನಾನು ಹಿಂದೆ ಓಡಿದೆ. ನನ್ನ ಉಳಿದ ಅರ್ಧ ಗಡ್ಡದ ನೊರೆ ಗಾಳಿಗೆ ಹಾರಿ, ಊರಿನ ಅರ್ಧ ಜನ ಮೋಡ ಕವಿಯಿತೆಂದು ಕೊಡೆ ಬಿಚ್ಚಿದರು.

ಮೈದಾನದಲ್ಲಿ ರೆಫರಿ ಸೀಟಿ ಬಾಯಿಗಿಟ್ಟು ನಿಂತಿದ್ದಳು. ಹುಡುಗಿಯರು ಅಂಗಿಗಳ ಮೇಲೆ ಮುಗಿಬಿದ್ದರು. ಹತ್ತು ಎದೆಗಳ ಮೇಲೆ ಹತ್ತು ಬೆಕ್ಕು ಜಿಗಿದವು. ಹನ್ನೊಂದನೆಯವಳು ತಲೆ ತೂರಿಸಿ, ಎದೆ ನೋಡಿಕೊಂಡು, "ಅಮ್ಮಾ!" ಎಂದು ಕೂಗಿದಳು.

ಅವಸರದಲ್ಲಿ ಆ ಅಂಗಿಯನ್ನು ಫ್ರೇಮಿಗೆ ಮೇಲುಕೆಳಗಾಗಿ ಬಿಗಿದಿದ್ದರು. ಗೋಂದುವಿನ ಬೆಕ್ಕು ನಾಲ್ಕು ಕಾಲು ಮೇಲೆ ಮಾಡಿ, ತಲೆಕೆಳಗಾಗಿ ಬೀಳುತ್ತಿತ್ತು.

ಕ್ಷೌರಿಕ ತನ್ನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ರೆಫರಿ ಹತ್ತಿರ ಬಂದಳು, ಬಗ್ಗಿ ನೋಡಿದಳು, ತನ್ನ ಕತ್ತನ್ನೇ ತಿರುಗಿಸಿ ಇನ್ನೊಮ್ಮೆ ನೋಡಿದಳು.

"ಲಾಂಛನ ಇದೆಯಾ? ಇದೆ. ಹೇಗೆ ನಿಂತಿರಬೇಕು ಅಂತ ನಿಯಮದಲ್ಲಿ ಇಲ್ಲ. ಹೋಗಮ್ಮಾ, ಗೋಲಿಗೆ ನಿಂತ್ಕೋ."

ಸೀಟಿ ಕೂಗಿತು. ಗಂಟಕ್ಕ ಗೆರೆಯ ಪಕ್ಕದ ಹುಲ್ಲಿನ ಮೇಲೆ ದೊಪ್ಪನೆ ಕೂತು ಅತ್ತೆಯ ಕೈ ಹಿಡಿದುಕೊಂಡಳು. ಅಷ್ಟರಲ್ಲೇ ಎದುರು ತಂಡದ ಉದ್ದ ಜಡೆಯ ಹುಡುಗಿ ಮೂವರನ್ನು ದಾಟಿ ಬಂದು ಒದ್ದಳು ನೋಡಿ, ಚೆಂಡು ಗುಂಡಿನ ಹಾಗೆ ಹೊರಟಿತು. ಗೋಂದು ಪಕ್ಕಕ್ಕೆ ಹಾರಿದಳು, ಗಾಳಿಯಲ್ಲೇ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದಳು, ನೆಲಕ್ಕೆ ಬಿದ್ದು ಲಾಗ ಹೊಡೆದಳು. ತಲೆ ಕೆಳಗೆ, ಕಾಲು ಆಕಾಶಕ್ಕೆ. ಚೆಂಡು ಮಾತ್ರ ಕೈಬಿಡಲಿಲ್ಲ.

"ಹಿಡಿದ್ಲು, ಹಿಡಿದ್ಲು!" ಅತ್ತೆ ಸೊಸೆಯ ಭುಜ ಹಿಡಿದು ಕುಲುಕಿದರು. "ನೋಡೇ, ನೋಡೇ, ಈಗ ಬೆಕ್ಕು ನೆಟ್ಟಗೆ ನಿಂತಿದೆ!"