ನೀರು ಜೆಪ್ಪಿಗೆ ಹೋದ ದಿನ

ದೊಡ್ಡಮ್ಮನ ಎರಡು ಕಾಲುಗಳಲ್ಲೂ ಮೊಣಕಾಲಿನ ಸ್ವಲ್ಪ ಕೆಳಗೆ ಒಂದು ಗೆರೆ ಇತ್ತು. ಗೆರೆಯ ಮೇಲೆ ಎಲ್ಲರಂಥ ಚರ್ಮ. ಕೆಳಗೆ ಉಪ್ಪುನೀರಿನಲ್ಲಿ ನೆನೆದು ನೆನೆದು ಬೂದಿಬಣ್ಣಕ್ಕೆ ತಿರುಗಿ ಸಣ್ಣಗೆ ಒಡೆದ ಚರ್ಮ. ಅಳೆದು ಎಳೆದಂತೆ ಎರಡೂ ಗೆರೆ ಒಂದೇ ಎತ್ತರದಲ್ಲಿದ್ದವು. ಮೊದಲ ದಿನವೇ ಡೈರಿಯಲ್ಲಿ ಬರೆದುಕೊಂಡೆ: ನೆಲದಿಂದ ಹದಿಮೂರು ಇಂಚು, ಅಂದಾಜು.

ಅವರು ನನ್ನ ದೊಡ್ಡಮ್ಮನಲ್ಲ. ನನ್ನೊಡನೆ ಕಾಲೇಜಿಗೆ ಬರುತ್ತಿದ್ದ ಬೋಳಾರದ ಗೆಳೆಯನ ದೊಡ್ಡಮ್ಮ. ಅವನು ಕರೆದಂತೆ ನಾನೂ ಕರೆದೆ. ನೇತ್ರಾವತಿಯ ಕೆಸರಿನಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುವುದು ಅವರ ಕೆಲಸ. ಘಟ್ಟದ ಮೇಲಿನಿಂದ ಬಂದ ನಾನು ಆ ಚಿಪ್ಪುಗಳ ರಾಶಿಯನ್ನು ಮೊದಲು ಜಲ್ಲಿಕಲ್ಲು ಎಂದುಕೊಂಡಿದ್ದೆ. ಅವರು ಕೈಗೆ ಐದೈದರಂತೆ ಹಿಡಿದು ಬುಟ್ಟಿಗೆ ಹಾಕುತ್ತಿದ್ದರು. ನೂರಾಯಿತೆಂದರೆ ಒಂದು ಚಿಪ್ಪನ್ನು ಪಕ್ಕಕ್ಕಿಡುತ್ತಿದ್ದರು. ಮಾತು ನಿಲ್ಲುತ್ತಿರಲಿಲ್ಲ, ಎಣಿಕೆಯೂ ತಪ್ಪುತ್ತಿರಲಿಲ್ಲ. ಒಮ್ಮೆ ನಾನು ಪಕ್ಕದಲ್ಲೇ ಕೂತು ನೂರಕ್ಕೊಂದು ಗೀಟು ಹಾಕುತ್ತ ಹೋದೆ. ನನ್ನದು ಹದಿನಾಲ್ಕು ನೂರು, ಅವರದು ಹದಿಮೂರು. ಮತ್ತೆ ಎಣಿಸಿದೆ. ಹದಿಮೂರೇ.

"ನೀನು ಬರೆಯುವಾಗ ಒಂದು ಸಲ ಕಾಗೆ ನೋಡಿದೆ ಮಾರಾಯ. ಆಗ ತಪ್ಪಿತು" ಎಂದರು.

ದೋಣಿ ನಡೆಸಲು ನಮಗೆ ಕಲಿಸಿದ್ದೂ ಅವರೇ. ನಮಗೆ ಎಂದರೆ ನನಗೆ ಮತ್ತು ನನ್ನ ಕೋಣೆಯಲ್ಲಿದ್ದ ಹಾವೇರಿಯ ಗೆಳೆಯನಿಗೆ. ಇಬ್ಬರಿಗೂ ಈಜು ಬಾರದು. ಇಬ್ಬರೇ ಹಿಡಿಸುವ ಕಿರಿದಾದ ದೋಣಿ, ಇಬ್ಬರಿಗೂ ಒಂದೊಂದು ಹುಟ್ಟು. ನಾಲ್ಕು ಭಾನುವಾರ ದಡದ ಬದಿಯಲ್ಲೇ ತಿರುಗಿಸಿದರು. ಐದನೆಯ ಭಾನುವಾರ, "ಇವತ್ತು ಕುದ್ರಿಗೆ ಸುತ್ತು ಹಾಕುವ" ಎಂದರು. ನದಿಯ ನಡುವಿನ ದ್ವೀಪಕ್ಕೆ ಇಲ್ಲಿ ಕುದ್ರು ಎನ್ನುತ್ತಾರೆ. ಎಂಬತ್ತರ ದಶಕದ ಆರಂಭ ಅದು. ನಾವಿಬ್ಬರೂ ಮಂಗಳೂರಿಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ, ತುಳು ಬಾರದು.

ಎರಡು ದೋಣಿ. ಒಂದರಲ್ಲಿ ದೊಡ್ಡಮ್ಮ ಮತ್ತು ಬೋಳಾರದ ಗೆಳೆಯ, ಇನ್ನೊಂದರಲ್ಲಿ ನಾವು. ಅವಸರವೇ ಇರಲಿಲ್ಲ. ಕುದ್ರಿನ ನೆರಳಿನಲ್ಲಿ ದೋಣಿ ಕಟ್ಟಿ, ಅವರು ತಂದಿದ್ದ ಮರುವಾಯಿ ಪುಂಡಿ, ಅಂದರೆ ಮರುವಾಯಿ ಮಸಾಲೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ, ತಿಂದೆವು. ನಾನು ಏಳು ಪುಂಡಿ, ಹಾವೇರಿಯವನು ಹನ್ನೊಂದು. ಆಮೇಲೆ ಅವರು ಗೆಳೆಯನೊಡನೆ ಕೆಸರಿಗಿಳಿದು ಹೆಕ್ಕತೊಡಗಿದರು. "ನೀವು ಇಲ್ಲೇ ಎದುರಿಗೆ ಆಡಿಕೊಂಡಿರಿ" ಎಂದರು.

ನಾವು ಕುದ್ರಿನ ತುದಿಯವರೆಗೆ ಹೋಗಿದ್ದೆವು. ಹಿಂದಿನಿಂದ ಅವರ ಕೂಗು ಕೇಳಿತು: "ನೀರ್ ಜಪ್ಪುಂಡು! ಬಲೆ! ಬಲೆ!"

"ಏನೋ ಕೂಗಾಕತ್ತಾರಲ್ಲೋ?" ಎಂದ ಹಾವೇರಿಯವನು.

"ನೀರು ಜೆಪ್ಪಿಗೆ ಹೋಗ್ತಿದೆಯಂತೆ."

ಜೆಪ್ಪು ನಮ್ಮ ಬೋಳಾರದ ಆಚೆ, ಸಮುದ್ರಕ್ಕೆ ಬೆನ್ನು ಹಾಕಿದ ದಿಕ್ಕಿನಲ್ಲಿದೆ. ನೀರು ಅತ್ತ ಏರುತ್ತಿದ್ದರೆ ನಮ್ಮನ್ನು ಮನೆಗೇ ತಂದು ಬಿಡುತ್ತದೆ.

"ಬಲೆ ಅಂದರಲ್ಲ?"

"ಮೀನಿನ ಬಲೆ ಹಾಕಿರಬೇಕು ಆ ಕಡೆ."

"ಹಂಗಾರ ಆ ಕಡಿ ಬ್ಯಾಡಪ್ಪ. ಹರದ್ರ ಬೈತಾರ."

ಇಲ್ಲದ ಬಲೆಯನ್ನು ತಪ್ಪಿಸಲು ನಡುನೀರಿಗೆ ಹೋದೆವು. ನಾನು ಪ್ಲಾಸ್ಟಿಕ್ ಚೀಲದಿಂದ ಡೈರಿ ತೆಗೆದು ಬರೆದೆ: ಹನ್ನೊಂದು ಇಪ್ಪತ್ತು. ನೀರು ಜೆಪ್ಪಿನ ಕಡೆಗೆ. ಎಡಕ್ಕೆ ಬಲೆ.

ಮನೆಯ ದಿಕ್ಕಿಗೆ ನೂರು ಹುಟ್ಟು ಹಾಕಿದೆವು, ಎಣಿಸಿ. ನೂರಾದ ಮೇಲೆ ತಲೆಯೆತ್ತಿದರೆ, ನಾವು ಮುಟ್ಟಬೇಕಿದ್ದ ತೆಂಗಿನಮರ ಮೊದಲಿಗಿಂತ ಸಣ್ಣದಾಗಿತ್ತು. ಇನ್ನೂ ಐವತ್ತು ಹಾಕಿದೆವು. ಮರ ಇನ್ನೂ ಸಣ್ಣದಾಯಿತು. ಬೆನ್ನ ಹಿಂದೆ ಒಂದು ಸದ್ದು ಏಳುತ್ತಿತ್ತು. ನದಿ ಸಮುದ್ರ ಸೇರುವ ಅಳಿವೆಯಲ್ಲಿ ತೆರೆ ಒಡೆಯುವ ಸದ್ದು. ಹಾವೇರಿಯವನು ಹುಟ್ಟು ಕೈಬಿಟ್ಟು ದೋಣಿಯ ಅಂಚನ್ನು ಹಿಡಿದುಕೊಂಡ. ನನ್ನ ಎಣಿಕೆ ನೂರ ಐವತ್ತೊಂಬತ್ತಕ್ಕೆ ನಿಂತಿತು.

ಆಗ ಕಂಡದ್ದನ್ನು ಇವತ್ತಿಗೂ ಸರಿಯಾಗಿ ಬರೆಯಲು ನನಗೆ ಬರುವುದಿಲ್ಲ. ದೊಡ್ಡಮ್ಮ ನಡೆದು ಬರುತ್ತಿದ್ದರು. ನದಿಯ ನಟ್ಟನಡುವೆ, ಎರಡೂ ಕಡೆ ದಡ ದೂರ, ಬಿಸಿಲಿನಲ್ಲಿ ಮಿನುಗುವ ಅಷ್ಟು ನೀರಿನ ಮೇಲೆ ಒಬ್ಬ ಹೆಂಗಸು ಸೀರೆ ಎತ್ತಿಕಟ್ಟಿ, ಹೆಗಲ ಮೇಲೆ ಹಗ್ಗದ ಸುರುಳಿ ಹಾಕಿಕೊಂಡು, ಅಂಗಳ ದಾಟುವಂತೆ ಬರುತ್ತಿದ್ದರು. ನಾನು ಕೈಮುಗಿದೆನಂತೆ. ಹಾವೇರಿಯವನು ಹೇಳುತ್ತಾನೆ, ನನಗೆ ನೆನಪಿಲ್ಲ.

"ಇಳೀರಿ!" ಎಂದು ಕೂಗಿದರು, ಈ ಸಲ ಕನ್ನಡದಲ್ಲಿ. "ದೋಣಿಯಿಂದ ಇಳೀರಿ ಮಾರಾಯ್ರೆ!"

"ಈಜು ಬರಲ್ಲ ದೊಡ್ಡಮ್ಮ!"

"ನಿಲ್ಲಲಿಕ್ಕೆ ಬರ್ತದಲ್ಲ? ಇಳೀರಿ ಈಗ! ಇನ್ನು ಹತ್ತು ಮಾರು ಹೋದರೆ ನನಗೂ ನಿಲ್ಲಲಿಕ್ಕಾಗುದಿಲ್ಲ!"

ಕಣ್ಣು ಮುಚ್ಚಿ ಕಾಲು ಹಾಕಿದೆ. ಮರಳು ಸಿಕ್ಕಿತು. ನೀರು ಮೊಣಕಾಲಿಗಿಂತ ಕೆಳಗೆ, ನೂಕುತ್ತಿತ್ತು, ಆದರೆ ನಿಲ್ಲಬಹುದಿತ್ತು. ಕುದ್ರಿನ ತುದಿಯಿಂದ ನೀರಿನಡಿಯಲ್ಲಿ ಉದ್ದಕ್ಕೆ ಚಾಚಿದ ಮರಳದಿಬ್ಬ ಅದು. ದೊಡ್ಡಮ್ಮನ ಕಾಲು ನೋಡಿದೆ. ನೀರು ಸರಿಯಾಗಿ ಆ ಗೆರೆಯಲ್ಲಿತ್ತು.

ದೋಣಿಗೆ ಹಗ್ಗ ಕಟ್ಟಿ ಎಳೆಯುತ್ತ, ಅವರ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಾವೂ ನದಿಯ ನಡುವೆ ನಡೆದೆವು. ಒಂದು ಕಡೆ ಸಮುದ್ರದ ಸದ್ದು, ಇನ್ನೊಂದು ಕಡೆ ಊರಿನ ಹಂಚಿನ ಮಾಡುಗಳು. ಎರಡು ಕಡೆಗೂ ಕಪ್ಪಗೆ ಆಳ ನೀರು. ಹೆಜ್ಜೆ ಎಣಿಸಬೇಕೆಂದು ನನಗೆ ತೋಚಲೇ ಇಲ್ಲ.

"ಕರೆದದ್ದು ಕೇಳಲಿಲ್ವಾ?" ಕುದ್ರು ಮುಟ್ಟಿದ ಮೇಲೆ ದೊಡ್ಡಮ್ಮ ಕೇಳಿದರು.

ನಾನು ಡೈರಿ ತೆಗೆದು ಬರೆದದ್ದನ್ನು ಓದಿದೆ. ಬೋಳಾರದ ಗೆಳೆಯ ಕೆಸರಿನಲ್ಲೇ ಕುಸಿದು ಕೂತು ನಕ್ಕ. "ಜಪ್ಪುಂಡು ಅಂದರೆ ಇಳೀತಾ ಉಂಟು ಅಂತ, ಸಮುದ್ರಕ್ಕೆ. ಬಲೆ ಅಂದರೆ ಬನ್ನಿ ಅಂತ!" ದೊಡ್ಡಮ್ಮ ನಗಲಿಲ್ಲ. "ತಪ್ಪು ನನ್ನದು" ಎಂದರು. "ಹೆದರಿಕೆ ಆದಾಗ ನನಗೆ ಕನ್ನಡ ಬರುದಿಲ್ಲ."

ಬರೆದದ್ದನ್ನು ಹೊಡೆದುಹಾಕಲು ಹೋದಾಗ ತಡೆದರು. "ಇರಲಿ. ಎಣಿಸುವವನಿಗೆ ತಪ್ಪಿದ್ದೂ ನೆನಪಿರಬೇಕು."

ಅಂದಿನಿಂದ ಭಾನುವಾರಕ್ಕೆ ಎರಡರಂತೆ ತುಳು ಮಾತು ಬರೆದುಕೊಂಡೆ. ನೂರಾದಾಗ ಅವರು ಒಂದು ಚಿಪ್ಪು ತೆಗೆದು ನನ್ನ ಕೈಯಲ್ಲಿಟ್ಟರು. ಕೊನೆಗೆ ಅವು ನಾಲ್ಕಾದವು.

ಕಳೆದ ವರ್ಷ ಅವರು ಕಾಯಿಲೆ ಬಿದ್ದರೆಂದು ತಿಳಿದು ಹೋದೆ. ಚಾಪೆಯ ಮೇಲೆ ಮಲಗಿದ್ದರು. ತಿಂಗಳುಗಟ್ಟಲೆ ನೀರು ಕಾಣದ ಕಾಲು. ಗೆರೆ ಮಾತ್ರ ಹಾಗೇ ಇತ್ತು. ಕಣ್ಣು ತೆರೆಯದೆ ಕೇಳಿದರು, "ನೀರ್?"

ಬಾಗಿಲಿಗೆ ಹೋಗಿ ನದಿ ನೋಡಿ ಬಂದೆ. "ಜಪ್ಪುಂಡು" ಎಂದೆ.

ತುಟಿಯ ತುದಿ ಸ್ವಲ್ಪ ಮೇಲೆ ಹೋಯಿತು. "ಜೆಪ್ಪಿಗಾ?" ಎಂದರು, ಕನ್ನಡದಲ್ಲಿ.

ಅವರಿಗೆ ಹೆದರಿಕೆಯಾಗಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಮೂರನೆಯ ದಿನ ಹೋಗಿಬಿಟ್ಟರು.