ಅಡಿಗೆರೆ ಕೊಟ್ಟ ಉತ್ತರ

ಕಳೆದ ತಿಂಗಳು ಹಾನಗಲ್ಲಿನ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಕಪಾಟು ಒರೆಸುತ್ತಿದ್ದೆ. ಅಮೋನಿಯಾ ಬಾಟಲಿಯ ಮುಚ್ಚಳ ಸಡಿಲವಾಗಿತ್ತು. ಘಾಟು ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಬಾಟಲಿ ಮುಚ್ಚಿದ ಮೇಲೂ ನೀರು ನಿಲ್ಲಲಿಲ್ಲ. ಶಿಗ್ಗಾವಿಯ ಆ ಲ್ಯಾಬು ನೆನಪಾಗಿತ್ತು, ಅಲ್ಲಿನ ಅಕ್ಕೋರು ನೆನಪಾಗಿದ್ದರು...

ಅದೊಂದು ಸಣ್ಣ ಖಾಸಗಿ ಲ್ಯಾಬು. ಸುತ್ತಲಿನ ತಾಲ್ಲೂಕುಗಳ ಬೋರ್‌ವೆಲ್ ನೀರು ಅಲ್ಲಿಗೆ ಪರೀಕ್ಷೆಗೆ ಬರುತ್ತಿತ್ತು. ಮದುವೆಯಾಗಿ ಮೂರು ವರ್ಷ ಮನೆಯಲ್ಲಿದ್ದ ನಾನು ಮತ್ತೆ ಕೆಲಸ ಹುಡುಕಿಕೊಂಡು ಅಲ್ಲಿಗೆ ಹೋದೆ. ಲ್ಯಾಬನ್ನು ನಡೆಸುತ್ತಿದ್ದವರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ನಲವತ್ತೈದು ದಾಟಿದ್ದ, ಒಂಟಿಯಾಗಿದ್ದ, ಕಡಿಮೆ ಮಾತಿನ ಹೆಂಗಸು. ದಿನಾ ಸವಣೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು.

ಲೆಕ್ಕಕ್ಕೆ ಅವರು ಕ್ಯಾಲ್ಕುಲೇಟರ್ ಮುಟ್ಟುತ್ತಿರಲಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿನ ಕಿಟಕಿ ತೆರೆದಿಟ್ಟಿರುತ್ತಿದ್ದರು. ಒಂದು ಸಾಲು ಟೈಪಿಸಿದರೆ ಕೆಳಗೇ ಉತ್ತರ. ಮೊದಲ ವಾರವೇ ನನಗೂ ಕಲಿಸಿದರು.

“ಬಂದ ಉತ್ತರಾನ ಮತ್ತ ಯಾಕ ಬರೀತಿ? ಬರೇ ಒಂದು ಅಡಿಗೆರಿ ಹಾಕು. ಹಿಂದಿನ ಉತ್ತರ ಅದರಾಗ ಕುಂತಿರತೈತಿ.”

ಅಂಡರ್‌ಸ್ಕೋರ್ ಚಿಹ್ನೆಗೆ ಅವರು ಅಡಿಗೆರೆ ಎನ್ನುತ್ತಿದ್ದರು. ನಾನೂ ಹಾಗೆಯೇ ಮಾಡುತ್ತಿದ್ದೆ. ಬಾಟಲಿಯ ನೀರಿನ ಅಳತೆ ಹಾಕಿ ಲೆಕ್ಕದ ಸಾಲು ಬರೆಯುವುದು. ಉದ್ದನೆಯ ದಶಮಾಂಶ ಬಂದರೆ ಮುಂದಿನ ಸಾಲಿನಲ್ಲಿ ಅಡಿಗೆರೆ ಹಾಕಿ ಅದನ್ನು ದುಂಡಗೆ, ಅಂದರೆ ರೌಂಡ್ ಆಫ್, ಮಾಡುವುದು. ಆ ದುಂಡು ಅಂಕಿ ರಿಜಿಸ್ಟರಿಗೆ. ಕೆಲಸ ಬೇಗ ಸಾಗುತ್ತಿತ್ತು, ನನಗೆ ಅದರಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು.

ಆ ಬೇಸಿಗೆಯಲ್ಲಿ ಚಿಕ್ಕೇರೂರಿನ ಕಡೆಯ ಊರುಗಳಿಂದ ಒಂದೇ ದಿನ ಊರಿಗೊಂದರಂತೆ ಹತ್ತಾರು ಬಾಟಲಿ ಬಂದವು. ನಾನು ಆಗ ಐದು ತಿಂಗಳ ಬಸುರಿ. ಮೂರನೆಯ ಬಾಟಲಿ ಮುಗಿಸಿ ನಾಲ್ಕನೆಯದರ ಅಳತೆ ಟೈಪಿಸುವಾಗ ಸೊನ್ನೆಯ ಬದಲು ಓ ಅಕ್ಷರ ಒತ್ತಿ ಎಂಟರ್ ಕೊಟ್ಟೆ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೂಗಿದರು. ಎದ್ದು ಹೋಗಿ ಇನ್ನೊಂದು ಪೆಟ್ಟಿಗೆ ಬಾಟಲಿ ಇಳಿಸಿಕೊಂಡು ಬಂದೆ. ಪರದೆಯ ಮೇಲೆ ತಪ್ಪಾಗಿದೆ ಎಂಬ ಸಾಲು ಇದ್ದಿರಲೇಬೇಕು... ನಾನು ಓದಲಿಲ್ಲ. ರೂಢಿಯಂತೆ ಅಡಿಗೆರೆ ಹಾಕಿ ದುಂಡಗೆ ಮಾಡಿದೆ. ಲೆಕ್ಕ ತಪ್ಪಿದಾಗ ಅಡಿಗೆರೆ ಖಾಲಿಯಾಗುವುದಿಲ್ಲ. ಅದರ ಹಿಂದಿನ, ಸರಿ ಬಂದ ಉತ್ತರವನ್ನೇ ಹಿಡಿದುಕೊಂಡಿರುತ್ತದೆ. ಹೀಗಾಗಿ ಮೂರನೆಯ ಊರಿನ ಅಂಕಿಯೇ ನಾಲ್ಕನೆಯ ಊರಿಗೂ ಬಂತು. ಅದನ್ನೇ ಬರೆದೆ. ಸಂಜೆ ಅಕ್ಕೋರು ರಾಶಿ ವರದಿಗಳಿಗೆ ಸಹಿ ಮಾಡಿದರು.

ತಿಂಗಳೊಪ್ಪತ್ತಿನಲ್ಲಿ ಆ ನಾಲ್ಕನೆಯ ಊರಿನಿಂದ ಸುದ್ದಿ ಬಂತು. ಎರಡು ತಿಂಗಳ ಹೆಣ್ಣುಕೂಸು. ತಾಯಿಗೆ ಹಾಲಿರಲಿಲ್ಲ, ಬೋರಿನ ನೀರಿಗೆ ಪುಡಿ ಹಾಲು ಕಲಸಿ ಕುಡಿಸುತ್ತಿದ್ದಳು. ಕೂಸಿನ ತುಟಿ, ಉಗುರು ನೀಲಿಗಟ್ಟಿ, ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಜೀವ ಹೋಯಿತು. ಡಾಕ್ಟರಿಗೆ ನೀರಿನ ಮೇಲೆ ಅನುಮಾನ ಬಂದು, ಆ ಬೋರಿನ ನೀರು ಮತ್ತೆ ನಮ್ಮಲ್ಲಿಗೇ ಬಂತು. ಗೊಬ್ಬರದಿಂದ ನೆಲಕ್ಕಿಳಿಯುವ ನೈಟ್ರೇಟು ಅದರಲ್ಲಿ ಮಿತಿ ಮೀರಿತ್ತು. ದೊಡ್ಡವರು ತಡೆದುಕೊಳ್ಳುತ್ತಾರೆ, ಎಳೆಗೂಸಿನ ರಕ್ತ ತಡೆಯುವುದಿಲ್ಲ.

ಅಕ್ಕೋರು ರಿಜಿಸ್ಟರ್ ತೆರೆದರು. ಮೂರನೆಯ ಸಾಲಿಗೂ ನಾಲ್ಕನೆಯ ಸಾಲಿಗೂ ಒಂದೇ ಅಂಕಿ. ಅಳತೆಯ ಪುಸ್ತಕದಲ್ಲಿ ಅಳತೆಗಳು ಮಾತ್ರ ಬೇರೆ ಬೇರೆ. ಅವರು ಎರಡೂ ಸಾಲುಗಳ ಮೇಲೆ ಬೆರಳಿಟ್ಟರು. ಆಮೇಲೆ ನನ್ನನ್ನು ನೋಡಿದರು. ಅಕ್ಷರ ನನ್ನದೇ ಆಗಿತ್ತು.

ಲ್ಯಾಬಿನ ಮಾಲೀಕರು ಬಂದು ಬಾಗಿಲು ಹಾಕಿಕೊಂಡರು. “ಬಾಟ್ಲಿ ಅದಲುಬದಲಾಗ್ಯಾವ ಅಂತ ಬರದ ಬಿಡ್ರಿ. ತಂದವ್ರ ತಪ್ಪಾಕ್ಕೈತಿ,” ಎಂದರು.

“ಬಾಟ್ಲಿ ಸರಿ ಇದ್ವು. ಲೆಕ್ಕ ತಪ್ಪೈತಿ. ಸಹಿ ನಂದೈತಿ,” ಎಂದರು ಅಕ್ಕೋರು.

ನಾನು ಬಾಯಿ ತೆರೆಯಲು ಹೋದಾಗ ಅವರು ನನ್ನ ಹೊಟ್ಟೆಯ ಕಡೆ ನೋಡಿ, “ನೀ ಸುಮ್ಮನಿರು,” ಎಂದರು. ನಾನು ಸುಮ್ಮನಿದ್ದೆ. ಅಷ್ಟು ಸಲೀಸಾಗಿ ಸುಮ್ಮನಾದೆನಲ್ಲ ಎಂಬುದೇ ಇಂದಿಗೂ ಚುಚ್ಚುತ್ತದೆ.

ಎರಡು ದಿನದ ಮೇಲೆ ಅವರು ಆ ಊರಿಗೆ ಹೊರಟರು. ಬರಬೇಡ ಎಂದರೂ ನಾನು ಜೊತೆಗೆ ಹೋದೆ. ಕೂಸಿನ ತಾಯಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಂತಿದ್ದಳು. ಪಕ್ಕದಲ್ಲಿ ಮೂರು ವರ್ಷದ ಮಗ.

“ಬೋರಿನ ನೀರ ಚಲೋ ಐತಿ ಅಂತ ಪಂಚಾಯ್ತಿ ಗ್ವಾಡಿಗೆ ಕಾಗದ ಹಚ್ಚಿದ್ರು,” ಎಂದಳು ಆಕೆ. “ಅದನ್ನ ನೋಡೇ ನಾ ಟಾಕಿ ನೀರ ಬಿಟ್ಟು ಇದನ್ನ ಕಾಸಿ ಕುಡಿಸಿದ್ನಿರಿ.”

“ಆ ಕಾಗದ ನಾ ಕೊಟ್ಟಿದ್ದು. ತಪ್ಪ ನಂದು,” ಎಂದರು ಅಕ್ಕೋರು.

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಆಕೆ ಮಗನನ್ನು ಹತ್ತಿರಕ್ಕೆ ಎಳೆದುಕೊಂಡು, “ಈಗ ಇವಂಗ ಯಾವ ನೀರ ಕುಡಿಸ್ಲಿರಿ?” ಎಂದು ಕೇಳಿದಳು.

ಅಕ್ಕೋರ ಕೆಲಸ ಹೋಯಿತು. ವಿಚಾರಣೆ ಎರಡು ವರ್ಷ ನಡೆಯಿತು. ಬೇರೆ ಯಾವ ಲ್ಯಾಬೂ ಅವರನ್ನು ತೆಗೆದುಕೊಳ್ಳಲಿಲ್ಲ. ಸವಣೂರಿನಲ್ಲಿ ಬಟ್ಟೆ ಹೊಲಿಯುತ್ತಿದ್ದಾರೆ ಎಂದು ಕೇಳಿದ್ದೆ. ನನಗೆ ಮಗ ಹುಟ್ಟಿದ, ಹಾನಗಲ್ಲಿಗೆ ಬಂದೆ, ಶಾಲೆಯ ಕೆಲಸ ಸಿಕ್ಕಿತು. ಸವಣೂರು ಮಹಾ ಎಷ್ಟು ದೂರ... ಒಮ್ಮೆಯೂ ಹೋಗಲಿಲ್ಲ. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡದ್ದು ಕೂಡ ನನಗೆ ತಿಳಿದದ್ದು ಮಣ್ಣಾದ ಹದಿನೈದು ದಿನಕ್ಕೆ, ಹಳೆಯ ಪರಿಚಯದವರೊಬ್ಬರ ಬಾಯಿಂದ.

ಹೋದ ವಾರ ಹಿರೇಕೆರೂರಿನ ಬಸ್ಸು ಹತ್ತಿ ಆ ಊರಿಗೆ ಹೋದೆ. ಕೂಸಿನ ತಾಯಿ ನನ್ನ ಗುರುತು ಹಿಡಿದಳು. ನೀರು ಕೊಟ್ಟು, ಕುಳಿತ ಮೇಲೆ ಮೊದಲು ಕೇಳಿದ್ದು ಒಂದೇ.

“ಅಕ್ಕೋರು ಈ ವರ್ಷ ಯಾಕ ಬರ್ಲಿಲ್ಲ? ಬ್ಯಾಸಿಗಿ ಬಂತಂದ್ರ ಔಷಧದ ಸೀಸೆ ತಗೊಂಡು ಬಂದು ಬೋರಿನ ನೀರ ಪರೀಕ್ಷಾ ಮಾಡಿ ಹೋಗ್ತಿದ್ರು. ಒಂದು ವರ್ಷಾನೂ ತಪ್ಪಿಸಿಲ್ಲ.”

ನನಗೆ ಗೊತ್ತಿರಲಿಲ್ಲ. ಅವರು ಇಲ್ಲ ಎಂಬ ಮಾತನ್ನು ಆಕೆಗೆ ನಾನೇ ಹೇಳಬೇಕಾಯಿತು. ಆಕೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಳು ನಿಂತ ಮೇಲೆ ಆ ಅಂಕಿ ಬರೆದ ಕೈ ನನ್ನದು ಎಂದೆ. ಹೇಗಾಯಿತೆಂದು ಎಲ್ಲ ಹೇಳಿದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ಇದನ್ನ ಅವ್ರು ಇದ್ದಾಗ ಬಂದು ಹೇಳಬೇಕಿತ್ತು ನೀ,” ಎಂದು ಎದ್ದು ಒಳಗೆ ಹೋದಳು. ಹೊರಗೆ ಬರಲಿಲ್ಲ. ನಾನು ಇನ್ನಷ್ಟು ಹೊತ್ತು ಅಲ್ಲೇ ಕುಂತಿದ್ದು, ಕೊನೆಯ ಬಸ್ಸಿಗೆ ಎದ್ದು ಬಂದೆ.