ಲಿಂಗ ಕಟ್ಟಿದ ದೆವ್ವ

ಈ ದೆವ್ವದ ಸಿನಿಮಾದ ಸುದ್ದಿ ನನಗೆ ಮೊದಲು ಹೇಳಿದವರು ಶಿವನಿಯ ಟೈಲರ್ ರುದ್ರಣ್ಣ. ಯಾವ ಟಾಕೀಸಿನವರೂ ಹಾಕಿಕೊಳ್ಳದ ಅದನ್ನು ಅಜ್ಜಂಪುರದ ಈರುಳ್ಳಿ ಗೋಡೌನಿನಲ್ಲಿ ತೋರಿಸುತ್ತಾರೆಂದು ಕೇಳಿ, ಪೂಜೆ ಮುಗಿಸಿದವನೇ ಓಡಿದೆ.

ದೆವ್ವ ಬಾವಿಯಿಂದ ಎದ್ದಾಗ ಮೈ ಜುಮ್ಮೆಂದಿತು. ಆದರೆ ಅದರ ಕೊರಳಲ್ಲಿ ಇಷ್ಟಲಿಂಗದ ಕರಡಿಗೆ!

"ಇದೇನಪ್ಪಾ, ದೆವ್ವ ಲಿಂಗ ಕಟ್ಕೊಂಡದೆ?" ಎಂದು ಪಕ್ಕದಲ್ಲಿದ್ದ ಡೈರೆಕ್ಟರನನ್ನೇ ಕೇಳಿದೆ.

"ಅದು ನಮ್ಮತ್ತೆ ಕಣಣ್ಣ. ಲಿಂಗ ತೆಗೀರಿ ಅಂದ್ರೆ ಪಾರ್ಟೇ ಮಾಡಲ್ಲ ಅಂದ್ಬಿಟ್ರು. ಈಗ ಜನ ನಕ್ಬಿಟ್ರೆ ನನ್ ಸಿನಿಮಾ ಇಲ್ಲಿಗೇ ಮುಗೀತು."

ಅಷ್ಟರಲ್ಲಿ ಪರದೆಯ ಮೇಲೆ ಮಂತ್ರವಾದಿ ದೆವ್ವದ ಮೇಲೆ ವಿಭೂತಿ ಎರಚಿದ. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಕೂಗಿದರು: "ಓಡೋ ಲೇ! ಲಿಂಗ ಕಟ್ಟಿರೋಳು ವಿಭೂತಿಗೆ ಹೆದರ್ತಾಳೇನೋ?"

ಗೋಡೌನಿಗೆ ಗೋಡೌನೇ ಕಿರುಚಿತು. ಒಬ್ಬರೂ ನಗಲಿಲ್ಲ. ನಾನಂತೂ ಡೈರೆಕ್ಟರನ ತೋಳು ಬಿಡಲಿಲ್ಲ.

ಮುಂದಿನ ವಾರ ತರೀಕೆರೆಯಲ್ಲಂತೆ. ನಿಮ್ಮವರಿಗೂ ಹೇಳಿ, ವಿಭೂತಿಯೊಂದನ್ನೇ ನಂಬಿಕೊಂಡು ಬರಬೇಡಿ ಅಂತಲೂ ಹೇಳಿ.